ಐದು ಹದಿನೆಂಟು

ಫೆಬ್ರವರಿ 7

ಬೆಳಿಗ್ಗೆ 4:30ರಿಂದ 5:30, ಧ್ಯಾನ. ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ — ಸ್ಪಷ್ಟ. ಇಪ್ಪತ್ತನೇ ನಿಮಿಷಕ್ಕೆ ಎಡ ಮಂಡಿ ನೋವು. ನೋವು, ನೋವು ಎಂದು ಗುರುತಿಸಿದೆ. ಹೋಯಿತು. ಹುಬ್ಬಿನ ಮೇಲೆ ಸೊಳ್ಳೆ. ಕೈ ಎತ್ತಲಿಲ್ಲ. ಅಡುಗೆಮನೆಯಿಂದ ಮೀನು, ನಿಂಬೆಹುಲ್ಲು ಬೇಯುವ ವಾಸನೆ — ವಾಸನೆ, ವಾಸನೆ.

ಎದ್ದು ಕಂಚಿನ ಗಂಟೆ ಮೂರು ಸಲ ಬಾರಿಸಿ ಪುಣ್ಯ ಹಂಚಿದೆ. ಒಳಗಿನಿಂದ ಹೆಂಡತಿ ಓನ್ ಚಿ ದಿನದಂತೆ “ಸಾಧು, ಸಾಧು, ಸಾಧು” ಅಂದಳು. ಮೂರನೆಯದು ಕೆಮ್ಮಿನಲ್ಲಿ ಮುಗಿಯಿತು. ಸೌದೆ ಹಸಿ.

ಆಮೇಲೆ ಇಬ್ಬರೂ ಸೇರಿ ಸಾರಿನ ಹಂಡೆ ಇಳಿಸಿ, ಮನೆ ಮುಂದಿನ ಅಂಗಡಿಗೆ ಒಯ್ದೆವು. ಆರಕ್ಕೆ ಮೊದಲ ಗಿರಾಕಿ. ಒಂಬತ್ತಕ್ಕೆ ಮೀನುಸಾರು-ಶೇವಿಗೆಯ ಮೊಹಿಂಗಾ ಖಾಲಿ. ಅವಳು ಮೂರಕ್ಕೇ ಎದ್ದಿರುತ್ತಾಳೆ. ಹತ್ತಕ್ಕೆ ಮಲಗಿ ಹನ್ನೊಂದಕ್ಕೆ ಮತ್ತೆ ಮೀನು ತರಲು ಮಾರ್ಕೆಟ್ಟಿಗೆ.

ಗುರುಗಳಿಗೆ ಒಪ್ಪಿಸುವ ಧ್ಯಾನದ ನೋಟ್‌ಬುಕ್ ಬೇರೆ. ಇದು ನನ್ನದು. ಮೌಲಮೈನ್ ಸ್ಟೇಷನ್ನಿನಲ್ಲಿ ಮೂವತ್ತೊಂದು ವರ್ಷ ರೈಲು ಬಂದದ್ದು ಹೋದದ್ದು ಬರೆದ ಕೈ. ಸುಮ್ಮನಿರುವುದಿಲ್ಲ.

ಫೆಬ್ರವರಿ 9

ಧ್ಯಾನಕೇಂದ್ರಕ್ಕೆ ಹೋಗಿ ಸಯಾಡೋ ಗುರುಗಳಿಗೆ ವಾರದ ವರದಿ ಒಪ್ಪಿಸಿದೆ. ಕಣ್ಣು ಮುಚ್ಚಿ ಕೇಳಿದರು. “ಕೂತಲ್ಲಿ ಎಷ್ಟು ಸಲ ಅಲ್ಲಾಡ್ತೀಯ?” ಮೂರು ನಾಲ್ಕು ಸಲ ಅಂದೆ. “ನಾಳೆಯಿಂದ ಹತ್ತು ದಿನ, ಗಂಟೆ ಪೂರ್ತಿ ಅಲ್ಲಾಡದೆ ಕೂತು ನೋಡು.”

ಮನೆಗೆ ಬಂದು ಹೇಳಿದೆ. ಓನ್ ಚಿ ಬಾಳೆದಿಂಡು ಹೆಚ್ಚುತ್ತಿದ್ದಳು.

“ಗಂಡಸು ಗಂಟೆಗಟ್ಟಲೆ ಅಲ್ಲಾಡದೆ ಕೂರೋದು ಅಷ್ಟು ದೊಡ್ಡ ಸಾಧನೇನಾ, ಕೋ ಲ್ವಿನ್? ನಮ್ಮಪ್ಪ ಜೀವಮಾನ ಪೂರ್ತಿ ಕೂತಿದ್ರು. ಯಾವ ಸಯಾಡೋನೂ ಹೊಗಳಲಿಲ್ಲ.”

ನಕ್ಕೆ. ಒಳಗೆ ಸ್ವಲ್ಪ ಚುಚ್ಚಿತು. ಚುಚ್ಚಿದ್ದನ್ನೂ ಗುರುತಿಸಿದೆ.

ಫೆಬ್ರವರಿ 11

ಎರಡನೇ ದಿನ. ಅರವತ್ತು ನಿಮಿಷ, ರೆಪ್ಪೆ ಕೂಡ ಅಲ್ಲಾಡಲಿಲ್ಲ. ದೇಹ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಹನ್ನೆರಡು ವರ್ಷದಲ್ಲಿ ಹೀಗೆ ಆದದ್ದು ಇದೇ ಮೊದಲು. ದಿನವಿಡೀ ಮನಸ್ಸು ಅಲ್ಲೇ. ನಾಳೆ ಬೆಳಿಗ್ಗೆಗೆ ಕಾಯುತ್ತಿದ್ದೇನೆ — ಆಸೆ, ಆಸೆ.

ಫೆಬ್ರವರಿ 12, ಮಧ್ಯಾಹ್ನ 3

ಆಸ್ಪತ್ರೆಯ ವರಾಂಡ. ಕುದಿಯುವ ಸಾರಿನ ಹಂಡೆ ಓನ್ ಚಿಯ ಮೇಲೆ ಮಗುಚಿತು. ಎಡಗಾಲು ಮಂಡಿಯಿಂದ ಬೆರಳವರೆಗೆ. ಬಲಗೈ ಮಣಿಕಟ್ಟಿನವರೆಗೆ.

ನಾನು ಧ್ಯಾನದಲ್ಲಿದ್ದೆ. ಶಬ್ದ ಕೇಳಿ ಎದ್ದೆ.



ಫೆಬ್ರವರಿ 13

ಎದುರುಮನೆಯವರು ಓಡಿಬಂದು ಕಾಲಿಗೆ ಟೂತ್‌ಪೇಸ್ಟ್ ಬಳಿದಿದ್ದರು. ಡಾಕ್ಟರ್ ಅದನ್ನು ತೆಗೆಯುವಾಗ ಚರ್ಮವೂ ಜೊತೆಗೆ ಬಂತು. ಓನ್ ಚಿ ಕಿರುಚಲಿಲ್ಲ. ನನ್ನ ಲುಂಗಿಯ ಅಂಚು ಎಡಗೈಯಲ್ಲಿ ಹಿಡಿದಿದ್ದಳು. ಅದು ಹರಿಯಿತು.

ಸೈಕಲ್ ರಿಕ್ಷಾದಲ್ಲಿ ಆಸ್ಪತ್ರೆಗೆ ಬರುವಾಗ ಅವಳು ಆಡಿದ್ದು ಒಂದೇ ಮಾತು: “ಒಲೆ ಆರಿಸಿದ್ರಾ?”

ಡಾಕ್ಟರ್ ಚಿಕ್ಕ ಹುಡುಗಿ. ಬೈಯುವ ದನಿಯಲ್ಲೇ ಕೇಳಿದರು. “ಇಷ್ಟು ದೊಡ್ಡ ಹಂಡೆ ಒಬ್ಬರೇ ಎತ್ತೋದಾ ಅಮ್ಮ? ಮನೇಲಿ ಯಾರೂ ಇರಲಿಲ್ವಾ?”

“ಯಜಮಾನ್ರು ಧ್ಯಾನಕ್ಕೆ ಕೂತಿದ್ರು. ನಾನು ಕರೀಲಿಲ್ಲ.”

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ಹೌದು ಅನ್ನುವಂತೆ.

ಫೆಬ್ರವರಿ 16

ಥಟೋನ್‌ನಿಂದ ಅವಳ ತಂಗಿ ಮಾ ಸ್ವೆ ಬಂದಿದ್ದಾಳೆ. ಗಂಡ ಸತ್ತ ಮೇಲೆ ಒಣಮೀನು ಮಾರಿ ಬದುಕಿದವಳು. ನಾಲಗೆ ಆಗಿನಿಂದಲೂ ಹರಿತ. ಅಕ್ಕನ ಮಂಚದ ಪಕ್ಕ ಚಾಪೆ ಹಾಸಿಕೊಂಡೇ ಶುರು ಮಾಡಿದಳು.

“ಭಾವ, ಆ ಹಂಡೆ ಅಕ್ಕನ ಕೈಲಿ ಆಗಲ್ಲ ಅಂತ ಅಕ್ಕನಿಗೂ ಗೊತ್ತು, ಹಂಡೆಗೂ ಗೊತ್ತು. ಅಂಗಡಿ ಇಟ್ಟ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಒಬ್ಬಳೇ ಎತ್ತಿದವಳಲ್ಲ. ಅವತ್ತೇ ಯಾಕೆ ಎತ್ತಿದ್ಲು?”

“ಒಲೆಯ ಇಟ್ಟಿಗೆ ಒಡೆದು ಹಂಡೆ ವಾಲಿತ್ತಂತೆ.”

“ವಾಲಿದ ಹಂಡೇನ ನೋಡಿದವಳು ಗಂಡನ್ನ ಕರೀತಾಳೆ. ಬಾಯಿ ಇಲ್ವಾ ಇವಳಿಗೆ?”

ಓನ್ ಚಿ ಕಣ್ಣು ಮುಚ್ಚಿಕೊಂಡೇ ಅಂದಳು, “ಸ್ವೆ, ನನಗೆ ನಿದ್ದೆ ಬರ್ತಿದೆ.”

ನಿದ್ದೆ ಬಂದಿರಲಿಲ್ಲ. ಅವಳ ಎಡಗಾಲು ಗಾಯಕ್ಕೆ ತಾಗದಂತೆ ಕಟ್ಟಿದ ಬಟ್ಟೆಯ ಗೂಡಿನೊಳಗೆ ನಡುಗುತ್ತಿತ್ತು.

ಫೆಬ್ರವರಿ 20

ಧ್ಯಾನಕೇಂದ್ರದ ಕಮಿಟಿ ಅಧ್ಯಕ್ಷ ಉ ತೌಂಗ್ ಹಣ್ಣಿನ ಬುಟ್ಟಿ ಹಿಡಿದು ಆಸ್ಪತ್ರೆಗೆ ಬಂದಿದ್ದರು. ವಾರ್ಡಿನಲ್ಲೇ ನನ್ನನ್ನು ತೋರಿಸಿ, ಎಲ್ಲರಿಗೂ ಕೇಳುವಂತೆ ಮಾತು.

“ನೋಡಿ, ಉ ಬಾ ಲ್ವಿನ್ ಮುಖದಲ್ಲಿ ಒಂದು ಗೆರೆ ಅಲ್ಲಾಡಿಲ್ಲ. ಬೇರೆ ಗಂಡಸರಾಗಿದ್ರೆ ಎದೆ ಬಡ್ಕೊಂಡು ಅಳ್ತಿದ್ರು. ಇದಕ್ಕೇ ಧ್ಯಾನ ಅನ್ನೋದು.”

ನೀರಿನ ಹಬ್ಬದ ರಜೆಯಲ್ಲಿ ಪ್ರತಿ ವರ್ಷ ನಡೆಯುವ ಹತ್ತು ದಿನದ ಶಿಬಿರಕ್ಕೆ ಈ ಸಲ ನಾನು ಗೃಹಸ್ಥರ ಮಾರ್ಗದರ್ಶಕನಾಗಬೇಕಂತೆ. ಹೊಸಬರಿಗೆ ಕೂರುವುದು, ನಡೆಯುವುದು ಕಲಿಸಬೇಕು. ಕಮಿಟಿ ಒಮ್ಮತದಿಂದ ಆರಿಸಿದೆ. ಓನ್ ಚಿಯ ಮುಖ ನೋಡಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಒಪ್ಪಿದೆ.

ಮಾ ಸ್ವೆ ಬುಟ್ಟಿಯಿಂದ ಕಿತ್ತಳೆ ತೆಗೆದು ಸುಲಿಯುತ್ತಾ, “ಗೆರೆ ಅಲ್ಲಾಡಿಲ್ಲ ಅಂತೆ” ಅಂದಳು. ಯಾರಿಗೂ ಅಲ್ಲ, ಕಿತ್ತಳೆಗೆ.

ಫೆಬ್ರವರಿ 21

ಯಾಕೆ ಒಪ್ಪಿದೆ.

ಮಾರ್ಚ್ 2

ಒಂಬತ್ತು ದಿನ ಬರೆಯಲಿಲ್ಲ. ತೊಡೆಯ ಚರ್ಮ ತೆಗೆದು ಪಾದಕ್ಕೆ ಹೊಲಿದರು. ಈಗ ಗಾಯ ಎರಡು ಕಡೆ. ಜ್ವರ ಬಂದು ಇಳಿಯಿತು. ಹೆಬ್ಬೆರಳ ಪಕ್ಕದ ಮೂರು ಬೆರಳು ಮೇಲಕ್ಕೆ ಸೆಳೆದುಕೊಂಡು ನಿಲ್ಲುತ್ತವಂತೆ. ನಡೆಯುತ್ತಾರೆ, ಆದರೆ ಮೊದಲಿನ ಹಾಗೆ ಅಲ್ಲ, ಅಂದರು ಡಾಕ್ಟರ್.

ಇಲ್ಲಿಯಾದರೂ ಬರೆಯಬೇಕು. ಇದನ್ನು ಯಾರೂ ಓದುವುದಿಲ್ಲ.

ಅವಳು ಕರೆದಿದ್ದಳು.

ಮೂರು ಸಲ. ಮೊದಲು “ಕೋ ಲ್ವಿನ್” — ಮಾಮೂಲಿ ದನಿ. ನಾನು ಕೇಳಿಸುತ್ತಿದೆ, ಕೇಳಿಸುತ್ತಿದೆ ಎಂದು ಗುರುತಿಸಿದೆ. ಎರಡನೇ ಸಲ ಸ್ವಲ್ಪ ಜೋರು. ಕೇಳಿಸುತ್ತಿದೆ, ಕೇಳಿಸುತ್ತಿದೆ. ಮೂರನೇ ಸಲ, “ಒಂಚೂರು ಬನ್ನಿ, ಇದು ವಾಲ್ತಿದೆ.” ಅದನ್ನೂ ಗುರುತಿಸಿದೆ. ಶಬ್ದ ಬರುತ್ತದೆ, ಹೋಗುತ್ತದೆ, ಅದಕ್ಕೆ ಅಂಟಿಕೊಳ್ಳಬಾರದು — ಹನ್ನೆರಡು ವರ್ಷ ಕಲಿತದ್ದು ಅದೇ. ಧ್ಯಾನ ಅಷ್ಟು ಆಳವಾಗಿತ್ತು. ಹೆಂಡತಿಯ ದನಿ ಅಂತ ಅನ್ನಿಸಲೇ ಇಲ್ಲ. ಬರೀ ಶಬ್ದ.

ಆಮೇಲೆ ಹಂಡೆಯ ಶಬ್ದ.

ಬರೆದಾಯಿತು. ಹಗುರ ಆಗಬೇಕಿತ್ತು. ಆಗಲಿಲ್ಲ.

ಮಾರ್ಚ್ 9

ಮನೆಗೆ ಕರೆತಂದೆವು. ಮಾ ಸ್ವೆ ಇನ್ನೂ ಇದ್ದಾಳೆ. ಅಂಗಡಿ ಅವಳೇ ತೆರೆದಿದ್ದಾಳೆ. ಸಾರು ಅಕ್ಕನದರಷ್ಟು ಚೆನ್ನಾಗಿಲ್ಲ ಎಂದು ಗಿರಾಕಿಗಳು. “ಹಾಗಿದ್ರೆ ಅಕ್ಕನ ಕಾಲು ವಾಪಸ್ ತಂದುಕೊಡಿ, ಸಾರು ತಂದುಕೊಡ್ತೀನಿ” ಅಂತಾಳೆ. ಗಿರಾಕಿಗಳು ತೆಪ್ಪಗೆ ತಿನ್ನುತ್ತಾರೆ.

ಡ್ರೆಸ್ಸಿಂಗ್ ನಾನು ಮಾಡುತ್ತೇನೆ. ದಿನಕ್ಕೊಮ್ಮೆ, ಮಧ್ಯಾಹ್ನ. ಹಳೆಯ ಬಟ್ಟೆ ನೀರಲ್ಲಿ ನೆನೆಸಿ ಬಿಡಿಸಬೇಕು. ಅವಳು ಮಾತು ಬೇರೆ ಕಡೆ ತಿರುಗಿಸುತ್ತಾಳೆ. ಮೀನಿನ ರೇಟು, ಎದುರುಮನೆಯ ಮದುವೆ. ನನಗೆ ಸುಲಭವಾಗಲಿ ಅಂತ. ಗಾಯ ಅವಳದು, ಸಮಾಧಾನ ಮಾಡಬೇಕಾದದ್ದು ನನ್ನನ್ನು.

ಮಾರ್ಚ್ 10

ಬಹಳ ದಿನದ ಮೇಲೆ ಮನೆಯಲ್ಲಿ ಕೂತೆ. ಗಂಟೆ ಪೂರ್ತಿ ಕೂತಂತೆ ನಟಿಸಿದೆ ಅನ್ನಬೇಕು. ಎದ್ದು ಕಂಚಿನ ಗಂಟೆ ಬಾರಿಸಿದೆ. ಅಭ್ಯಾಸಬಲ.

ಮಂಚದಿಂದ ಸಣ್ಣ ದನಿ. “ಸಾಧು. ಸಾಧು. ಸಾಧು.”

ಯಾವ ಪುಣ್ಯಕ್ಕೆ ಅಂದಳೋ. ಹಿತ್ತಿಲಿಗೆ ಹೋಗಿ ತೊಟ್ಟಿಯ ನೀರಲ್ಲಿ ಮುಖ ಅದ್ದಿಕೊಂಡು ನಿಂತೆ.

ಮಾರ್ಚ್ 16, ಹುಣ್ಣಿಮೆ

ಕೇಂದ್ರದಲ್ಲಿ ಅಷ್ಟಶೀಲ ತೆಗೆದುಕೊಂಡೆ. ಗುರುಗಳು ಒಂದೊಂದೇ ಹೇಳಿಕೊಡುತ್ತಾರೆ, ನಾವು ಇನ್ನೂರು ಜನ ಹೇಳುತ್ತೇವೆ. ನಾಲ್ಕನೆಯದು — ಸುಳ್ಳು ಹೇಳದಿರುವ ಶೀಲ. ನಾಲಗೆ ಎದ್ದಿತು, ದನಿ ಬರಲಿಲ್ಲ. ಬರೀ ತುಟಿ ಆಡಿಸಿದೆ. ಸುಳ್ಳು ಹೇಳುವುದಿಲ್ಲ ಎನ್ನುವುದನ್ನೇ ಸುಳ್ಳಾಗಿ ಹೇಳಿದೆ.

ಈ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ಮಾರ್ಚ್ 2ರದ್ದು ಓದಿದೆ. “ಬರೀ ಶಬ್ದ” ಅಂತ ಬರೆದಿದ್ದೇನೆ. ಅದು ನಿಜವಲ್ಲ. ಧ್ಯಾನ ಆಳವಾಗಿರಲಿಲ್ಲ. ಮೊದಲ ಕರೆಗೇ ಮುರಿದುಹೋಗಿತ್ತು. ಉಳಿದದ್ದು ಸಿಟ್ಟು. ಹಿಂದಿನ ದಿನದ ಆ ಹಗುರ ಇನ್ನೇನು ಬರುವುದರಲ್ಲಿತ್ತು, ಇವಳು ಕೆಡಿಸಿದಳು ಅಂತ ಸಿಟ್ಟು. ಎರಡನೇ ಕರೆಗೆ ಬೇಕೆಂದೇ ಕೂತೆ. ಮೂರನೇ ಕರೆಗೆ ಕಣ್ಣು ಬಿಟ್ಟೆ.

ಕಣ್ಣು ಬಿಟ್ಟು, ಕತ್ತು ತಿರುಗಿಸಿ, ಗೋಡೆಯ ಗಡಿಯಾರ ನೋಡಿದೆ.

ಐದು ಹದಿನೆಂಟು.

ಇನ್ನು ಹನ್ನೆರಡು ನಿಮಿಷ. ಅಲ್ಲಿಯವರೆಗೆ ಕಾಯಲಿ, ಅಂದುಕೊಂಡೆ. ಮತ್ತೆ ಕಣ್ಣು ಮುಚ್ಚಿದೆ.

ರೈಲ್ವೆಯವನು. ನಿಮಿಷ ತಪ್ಪುವುದಿಲ್ಲ.

ಮಾರ್ಚ್ 18

ಗುರುಗಳ ಕುಟೀರ. ವರದಿಯ ಸಮಯ. ನೋಟ್‌ಬುಕ್ ತೆರೆಯಲಿಲ್ಲ. ಎಲ್ಲ ಹೇಳಿದೆ. ಗಡಿಯಾರವನ್ನೂ.

ಗುರುಗಳು ವಕೀಲರ ಹಾಗೆ ಕೇಳತೊಡಗಿದರು.

“ಕಣ್ಣು ಬಿಟ್ಟಾಗ ಏನು ಗುರುತಿಸಿದೆ?”

“ಗಡಿಯಾರ.”

“ಗಡಿಯಾರ ನೋಡಿದೆ. ಗುರುತಿಸಿದ್ದೇನು?”

“ಏನೂ ಇಲ್ಲ.”

“ಸಿಟ್ಟು ಬಂತು ಅಂದೆ. ಸಿಟ್ಟು, ಸಿಟ್ಟು ಅಂತ ಗುರುತಿಸಿದೆಯಾ?”

“ಇಲ್ಲ.”

“ಇನ್ನೂ ಕೂರಬೇಕು ಅನ್ನೋ ಆಸೆ?”

“ಇಲ್ಲ.”

“ಹಾಗಾದ್ರೆ ನೀನು ಮಾಡಿದ್ದು ಧ್ಯಾನ ಅಲ್ಲ. ಕಿವಿ ಮುಚ್ಚಿಕೊಂಡದ್ದು. ಧ್ಯಾನದ ಮೇಲೆ ಹೊರಿಸಬೇಡ.”

ನೆಲಕ್ಕೆ ಹಣೆ ಮುಟ್ಟಿಸಿ, ಕ್ಷಮಿಸಬೇಕು ಎಂದೆ. ಗುರುಗಳು ಚೀವರದ ಅಂಚು ಎತ್ತಿ ಎರಡೂ ಕಾಲು ಮುಂದೆ ಚಾಚಿದರು. ಎಂಬತ್ತರ ಹತ್ತಿರದವರು. ಒಣಗಿದ ಕಾಲು.

“ನೋಡು. ಎಲ್ಲಾದರೂ ಸುಟ್ಟಿದೆಯಾ?”

“ಇಲ್ಲ ಗುರುಗಳೇ.”

“ಮತ್ತೆ ನನಗ್ಯಾಕೆ ಅಡ್ಡ ಬೀಳ್ತೀಯ? ಎದ್ದು ಮನೆಗೆ ಹೋಗು.”

ಮಾರ್ಚ್ 19

ಹೇಳಲಿಲ್ಲ. ಮಾ ಸ್ವೆ ಎದುರಿಗಿದ್ದಳು.

ಮಾರ್ಚ್ 20

ಹೇಳಲಿಲ್ಲ. ಅವಳಿಗೆ ನೋವು ಜಾಸ್ತಿ ಇತ್ತು.

ಮಾರ್ಚ್ 21

ನೋವು ಕಡಿಮೆ ಇತ್ತು. ಎದುರುಮನೆಯವರು ಬಂದು ಕೂತರು. ಅವರು ಹೋದ ಮೇಲೆ ಕರೆಂಟ್ ಹೋಯಿತು. ಕರೆಂಟ್ ಹೋದರೆ ಮಾತಾಡಲು ಏನು ಅಡ್ಡಿ. ನೆವ, ನೆವ.

ಮಾರ್ಚ್ 23, ಮಧ್ಯಾಹ್ನ

ಹೇಳಿದೆ.

ಮಾ ಸ್ವೆ ಮಾರ್ಕೆಟ್ಟಿಗೆ ಹೋಗಿದ್ದಳು. ಡ್ರೆಸ್ಸಿಂಗ್ ಮುಗಿಸಿ, ಬೋಗುಣಿ ಆಚೆ ಇಟ್ಟು, ಅವಳ ಮಂಚದ ಕೆಳಗೆ ನೆಲದ ಮೇಲೆ ಕೂತೆ. ಗುರುಗಳ ಮುಂದೆ ಕೂರುವ ಹಾಗೆ, ಮಂಡಿಯೂರಿ. ಕೈ ಜೋಡಿಸಿದೆ.

ಗಂಡ ಹೆಂಡತಿಗೆ ಕೈ ಮುಗಿಯುವುದು ನಮ್ಮ ಮನೆತನದಲ್ಲಿ ಯಾರೂ ಕಂಡದ್ದಲ್ಲ. ಅವಳಂತೂ ಗಾಬರಿಯಾಗಿ ಸುಟ್ಟ ಕಾಲನ್ನೇ ಎಳೆದುಕೊಂಡಳು. ನೋವಿಗೆ ಹಲ್ಲು ಕಚ್ಚಿದಳು.

“ಏನು ಮಾಡ್ತಿದೀರ? ಏಳಿ. ನನಗೆ ಪಾಪ ಸುತ್ತಿಸಬೇಡಿ. ಯಾರಾದ್ರೂ ನೋಡಿದ್ರೆ...”

“ಓನ್, ಅವತ್ತು ನೀನು ಕರೆದದ್ದು ನನಗೆ ಕೇಳಿಸಿತ್ತು.”

“ಗೊತ್ತು.”

“ಮೂರು ಸಲವೂ ಕೇಳಿಸಿತ್ತು.”

“ಗೊತ್ತು ಕೋ ಲ್ವಿನ್. ಏಳಿ ಮೇಲೆ.”

“ಕಣ್ಣು ಬಿಟ್ಟು ಗಡಿಯಾರ...”

“ನೋಡಿದ್ರಿ. ನಾನೂ ನೋಡಿದೆ.”

ಒಲೆಯ ಮುಂದಿನಿಂದ ನಾನು ಕೂರುವ ಜಾಗ ನೇರ ಕಾಣುತ್ತದೆ ಅನ್ನುವುದು ಹನ್ನೆರಡು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ನಾನೆಂದೂ ಒಲೆಯ ಮುಂದೆ ಕೂತವನಲ್ಲ.

ಅವಳೇ ಮುಂದುವರಿಸಿದಳು. ದನಿ ಎತ್ತಲಿಲ್ಲ.

“ನಿಮ್ಮ ಬೆನ್ನು ಕಾಣ್ತಿತ್ತು. ಕತ್ತು ತಿರುಗಿತು. ಸದ್ಯ, ಬರ್ತಾರೆ ಅಂದ್ಕೊಂಡೆ. ಆಮೇಲೆ ಕತ್ತು ವಾಪಸ್ ತಿರುಗಿತು. ಆಗ ಬಂತು ನೋಡಿ ಸಿಟ್ಟು. ಹಂಡೆ ಇನ್ನೂ ವಾಲಿತ್ತು ಅಷ್ಟೇ, ಬಿದ್ದಿರಲಿಲ್ಲ. ಸೌದೆ ಎಳೆದುಬಿಟ್ಟು ಕಾಯಬಹುದಿತ್ತು. ಬೇಡ, ಕೂತಿರಲಿ ಮಹಾನುಭಾವ, ನಾನೇ ಎತ್ತಿ ತೋರಿಸ್ತೀನಿ ಅಂತ ಎತ್ತಿದೆ. ನಿಮಗೆ ಗಡಿಯಾರ, ನನಗೆ ಹಠ.”

“ಮತ್ತೆ ಡಾಕ್ಟರ್ ಹತ್ರ ಕರೀಲಿಲ್ಲ ಅಂದೆಯಲ್ಲ.”

“ಏನು ಹೇಳಲಿ? ಕರೆದೆ, ಬರಲಿಲ್ಲ ಅಂತಲಾ? ಹನ್ನೆರಡು ವರ್ಷದಿಂದ ಊರವರಿಗೆಲ್ಲ ‘ನಮ್ಮ ಯಜಮಾನ್ರು ಧ್ಯಾನ ಮಾಡ್ತಾರೆ’ ಅಂತ ಹೇಳ್ಕೊಂಡು ಮೊಹಿಂಗಾ ಬಡಿಸಿದೀನಿ. ಕುಡಿದು ಬೀಳೋ ಗಂಡಸರ ಹೆಂಡ್ತೀರ ಮುಂದೆ ತಲೆ ಎತ್ಕೊಂಡು ಓಡಾಡಿದೀನಿ. ಆ ಮಾತು ಹೋದ್ರೆ ನನ್ನ ಹತ್ರ ಏನಿದೆ?”

ಆಮೇಲೆ ಅತ್ತಳು. ಆಸ್ಪತ್ರೆಯಲ್ಲಿ ಅಳದವಳು. ನಾನು ಮುಟ್ಟಲು ಹೋದೆ. “ಈಗ ಬೇಡ” ಅಂದಳು. ಬೋಗುಣಿ ತೊಳೆಯಲು ಎದ್ದು ಹೋದೆ. ಎರಡು ಸಲ ತೊಳೆದೆ.

ಮಾರ್ಚ್ 25

ಉ ತೌಂಗ್ ಮನೆಗೆ ಹೋಗಿ ಶಿಬಿರದ ಮಾರ್ಗದರ್ಶಕ ನಾನಲ್ಲ ಎಂದೆ. ಕಾರಣವನ್ನೂ ಹೇಳಿದೆ, ಮರೆಮಾಚದೆ. ಅವರ ಕೈಯಲ್ಲಿ ಚಹಾ ಲೋಟ ಇತ್ತು. ಕುಡಿಯಲೂ ಇಲ್ಲ, ಇಡಲೂ ಇಲ್ಲ.

“ಆಯ್ತಪ್ಪ, ಆದದ್ದು ಆಯ್ತು. ಹೊರಗೆ ಹೇಳೋ ಅಗತ್ಯ ಏನಿತ್ತು? ಆರೋಗ್ಯ ಸರಿ ಇಲ್ಲ ಅಂದಿದ್ರೆ ಸಾಕಿತ್ತು. ಈಗ ಕಮಿಟಿಗೆ ನಾನೇನು ಹೇಳಲಿ?”

“ಇದನ್ನೇ ಹೇಳಿ.”

“ಇದನ್ನ ಹೇಳಿದ್ರೆ ಹೊಸಬರು ಧ್ಯಾನಕ್ಕೆ ಬರ್ತಾರಾ?”

ಕೈ ಮುಗಿದು ಎದ್ದೆ. ಬಾಗಿಲವರೆಗೂ ಬಂದು ಕಳಿಸುವ ಮನುಷ್ಯ, ಇವತ್ತು ಕುರ್ಚಿಯಿಂದ ಏಳಲಿಲ್ಲ.

ದಾರಿಯಲ್ಲಿ ನನ್ನ ಬಗ್ಗೆ ಒಂದು ಬಗೆಯ ಹೆಮ್ಮೆ ಎದ್ದಿತು. ಎಲ್ಲ ಒಪ್ಪಿಕೊಂಡುಬಿಟ್ಟೆ ಎಂಬ ಹೆಮ್ಮೆ. ತಪ್ಪಿನಿಂದಲೂ ಒಂದು ಶಾಲು ಹೊದಿಸಿಕೊಳ್ಳುತ್ತಾನಲ್ಲ ಈ ಬಾ ಲ್ವಿನ್.

ಮಾರ್ಚ್ 26

ಓನ್ ಚಿಗೆ ಹೇಳಿದೆ, ಉ ತೌಂಗ್ ಹತ್ತಿರ ಎಲ್ಲ ಹೇಳಿ ಬಂದೆ ಅಂತ. ಒಳ್ಳೆಯದಾಯಿತು ಅಂತಾಳೆ ಅಂದುಕೊಂಡಿದ್ದೆ.

“ನನ್ನನ್ನ ಒಂದು ಮಾತು ಕೇಳಿದ್ರಾ?” ಅಂದಳು. “ನಾನು ಸುಳ್ಳು ಹೇಳಿದ್ದೂ ಇವತ್ತಿಂದ ಊರಿಗೆಲ್ಲ ಗೊತ್ತು. ನಿಮ್ಮ ಎದೆ ಹಗುರ ಆಯ್ತು. ಇನ್ನು ಬೆಳಿಗ್ಗೆ ಗಿರಾಕಿಗಳ ಮುಖ ನೋಡಬೇಕಾದವಳು ನಾನು.”

ಇದೂ ಹೊಳೆದಿರಲಿಲ್ಲ.

ಏಪ್ರಿಲ್ 1

ಅಂಗಡಿ ನಾನು ನಡೆಸುತ್ತಿದ್ದೇನೆ. ಮೂರಕ್ಕೆ ಏಳುವುದು. ಮಾ ಸ್ವೆ ಮೇಲ್ವಿಚಾರಣೆ. ಓನ್ ಚಿ ಕುರ್ಚಿಯಲ್ಲಿ ಕೂತು ಉಪ್ಪು ನೋಡುತ್ತಾಳೆ.

ಮೀನಿನ ಮುಳ್ಳು ತೆಗೆಯುವುದಕ್ಕೇ ಒಂದು ಗಂಟೆ. ಕಡಲೆಹಿಟ್ಟು ಗಂಟುಗಂಟು. ಸೋರೆಕಾಯಿ ಬಜ್ಜಿ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಹಸಿ.

“ಭಾವ, ಹೆಜ್ಜೆ ಎತ್ತುತ್ತಿದೆ, ಇಡುತ್ತಿದೆ ಅಂತ ಗುರುತಿಸ್ತೀರಂತಲ್ಲ,” ಅಂದಳು ಮಾ ಸ್ವೆ. “ಬಜ್ಜಿ ಸೀಯುತ್ತಿದೆ, ಸೀಯುತ್ತಿದೆ ಅಂತಲೂ ಗುರುತಿಸಿ.”

ಗಿರಾಕಿಗಳೆಲ್ಲ ನಕ್ಕರು. ಓನ್ ಚಿಯೂ ನಕ್ಕಳು. ಎರಡು ತಿಂಗಳಲ್ಲಿ ಮೊದಲ ಸಲ. ಅವರಿಗೆ ವಿಷಯ ಗೊತ್ತಿದೆ. ನನ್ನ ಎದುರು ಯಾರೂ ಎತ್ತುವುದಿಲ್ಲ. ಆದರೆ ಸಾರು ಬಡಿಸುವಾಗ ಕೈ ಸ್ವಲ್ಪ ಹಿಂದೆ ಎಳೆದುಕೊಳ್ಳುತ್ತಾರೆ, ಎಲ್ಲಿ ಚೆಲ್ಲುತ್ತಾನೋ ಎಂಬಂತೆ. ಅಥವಾ ನನಗೇ ಹಾಗೆ ಕಾಣುವುದೋ.

ಹತ್ತಕ್ಕೆ ಮಲಗಿದರೆ ಸೊಂಟ ನೆಟ್ಟಗಾಗುವುದಿಲ್ಲ. ಇದನ್ನು ಮಾಡಿಕೊಂಡು ನನ್ನನ್ನು ಒಂದು ಗಂಟೆ ಕೂರಿಸುತ್ತಿದ್ದಳು. ದಿನಾ.

ಏಪ್ರಿಲ್ 4

ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. ಓನ್ ಚಿ ಕುರ್ಚಿಯಿಂದಲೇ ಅಂದಳು.

“ಶಿಬಿರಕ್ಕೆ ನಾನು ಹೋಗ್ತೀನಿ.”

“ಎಲ್ಲಿಗೆ?”

“ಹತ್ತು ದಿನದ ಶಿಬಿರಕ್ಕೆ. ನೀವಂತೂ ಹೋಗ್ತಿಲ್ಲ. ಎದುರುಮನೆ ಹುಡುಗಿ ಹತ್ರ ಹೆಸರು ಬರೆಸಿ ಕಳಿಸಿದೀನಿ.”

“ಕಾಲು ಮಡಚೋಕೆ ಆಗಲ್ಲ ನಿನಗೆ.”

“ಕುರ್ಚಿ ಕೊಡ್ತಾರಂತೆ.”

ಮದುವೆಯಾಗಿ ಮೂವತ್ತಾರು ವರ್ಷ. ಒಂದು ದಿನ ಕೂತವಳಲ್ಲ. ಕೇಂದ್ರಕ್ಕೆ ಸಾರು ದಾನ ಕೊಡಲು ಹೋಗಿದ್ದಾಳೆ, ಕಸ ಗುಡಿಸಿದ್ದಾಳೆ. ಇದುವರೆಗೆ ಕೂರಬೇಕು ಅನ್ನಿಸಿರಲಿಲ್ಲವೇ ಎಂದು ಕೇಳಿದೆ.

ನನ್ನ ಮುಖ ನೋಡಿದಳು. ಹುಚ್ಚನನ್ನು ನೋಡುವ ಹಾಗೆ.

“ಯಾವತ್ತು ಕೂರಲಿ?”

ಪಾತ್ರೆ ಎಷ್ಟೊಂದು ಇದ್ದವು. ತೊಳೆಯುತ್ತಲೇ ಇದ್ದೆ.

ಏಪ್ರಿಲ್ 11

ಅವಳನ್ನು ಬಿಟ್ಟು ಬಂದೆ. ಕಂದು ಬಣ್ಣದ ಲುಂಗಿ, ಬಿಳಿ ರವಿಕೆ. ಕೆನ್ನೆಗೆ ಥನಕಾ ಗಂಧದ ಲೇಪ ಹಚ್ಚಿರಲಿಲ್ಲ, ಶಿಬಿರದಲ್ಲಿ ಅದು ನಿಷಿದ್ಧ. ಅವಳ ಬರಿಯ ಮುಖ ಕಂಡು ಎಷ್ಟು ಕಾಲವಾಗಿತ್ತೋ. ವಯಸ್ಸಾಗಿದೆ. ಗೇಟಿನಲ್ಲಿ ಚೀಲ ಕೊಟ್ಟೆ. “ಮೀನು ತಾಜಾ ನೋಡಿ ತಗೊಳ್ಳಿ, ಕಿವಿರು ಎತ್ತಿ ನೋಡಿ” ಅಂದಳು. ಅಲ್ಲಿಂದ ಮೌನ. ಹತ್ತು ದಿನ.

ಉ ತೌಂಗ್ ಅಲ್ಲೇ ನಿಂತಿದ್ದರು. ಅವಳಿಗೆ ಕೈ ಮುಗಿದರು. ನನಗೆ ತಲೆ ಆಡಿಸಿದರು.

ಏಪ್ರಿಲ್ 15, ಬೆಳಿಗ್ಗೆ 10

ಶಿಬಿರದವರಿಗೆ ಇವತ್ತು ನಮ್ಮ ಮನೆಯ ದಾನ. ನಾನೂ ಮಾ ಸ್ವೆಯೂ ಎರಡು ಹಂಡೆ ಮೊಹಿಂಗಾ ಒಯ್ದೆವು. ಬೀದಿಯಲ್ಲಿ ಹಬ್ಬದ ಗಲಾಟೆ, ಬಕೆಟ್‌ಗಟ್ಟಲೆ ನೀರು ಎರಚಾಟ. ಹಂಡೆಗೆ ಪ್ಲಾಸ್ಟಿಕ್ ಕಟ್ಟಿ, ತೋಯ್ದುಕೊಂಡೇ ತಲುಪಿದೆವು. ಕೇಂದ್ರದ ಗೋಡೆಯ ಒಳಗೆ ಎಲೆ ಬಿದ್ದರೂ ಕೇಳುವ ಮೌನ.

ಊಟದ ಮನೆಗೆ ಅವರು ಸಾಲಾಗಿ, ನಿಧಾನ ನಡಿಗೆಯಲ್ಲಿ ಬಂದರು. ಎತ್ತುತ್ತಿದೆ, ಸರಿಸುತ್ತಿದೆ, ಇಡುತ್ತಿದೆ. ಮೂವತ್ತು ಹೆಜ್ಜೆಗೆ ಹತ್ತು ನಿಮಿಷ. ಗಟ್ಟಿಮುಟ್ಟಾದ ಹೆಂಗಸರು, ಕಾಲೇಜಿನ ಹುಡುಗಿಯರು, ನಿಧಾನ ಕಲಿಯಲು ಒದ್ದಾಡುತ್ತಿದ್ದರು.

ಓನ್ ಚಿ ಕೊನೆಯಿಂದ ಮೂರನೆಯವಳು. ಅವಳಿಗೆ ನಿಧಾನ ಕಲಿಯುವುದು ಏನೂ ಇರಲಿಲ್ಲ. ಬಲಗಾಲು ಇಡುವಳು. ಎಡಗಾಲಿನ ಬೆರಳು ನೆಲ ಮುಟ್ಟುವುದಿಲ್ಲ, ಹಿಮ್ಮಡಿ ಊರಿ, ಸೊಂಟ ತಿರುಗಿಸಿ, ಎಳೆದುಕೊಳ್ಳುವಳು. ಆ ನಿಧಾನ ನಾನು ಕೊಟ್ಟದ್ದು.

ಬಡಿಸುವವನು ನಾನು. ಬಟ್ಟಲು ಚಾಚಿದಳು. ಸುಟ್ಟ ಕೈ, ಚರ್ಮ ಇನ್ನೂ ಗುಲಾಬಿ. ಕಣ್ಣು ಬಟ್ಟಲ ಮೇಲೆ. ಶೇವಿಗೆ ಹಾಕಿದೆ, ಸಾರು ಹಾಕಿದೆ, ಮೊಟ್ಟೆಯ ಅರ್ಧ. ನೋಡುತ್ತಾಳೆ ಅಂದುಕೊಂಡೆ. ನೋಡಲಿಲ್ಲ. ಸಿಟ್ಟಿನಿಂದ ಅಲ್ಲ. ಅಲ್ಲಿ ಬಡಿಸುತ್ತಿದ್ದದ್ದು ಒಂದು ಕೈ, ಅಷ್ಟೇ.

ಹನ್ನೆರಡು ವರ್ಷ ಹುಡುಕಿದ್ದು ಅದನ್ನೇ. ಬೇರೆಯವರ ಮುಖದ ಮೇಲೆ ಕಂಡೆ.

ಹಿಂತಿರುಗುವಾಗ ಮಾ ಸ್ವೆ ಹಂಡೆಯ ಆ ಕಡೆ ಹಿಡಿದು ನಡೆಯುತ್ತಿದ್ದಳು. “ಅಳ್ತಿದೀರಾ ಭಾವ?”

“ಹಬ್ಬದ ನೀರು.”

“ಹೂಂ. ಎಲ್ಲರಿಗೂ ತಲೆ ಮೇಲೆ ಬಿದ್ದಿದೆ, ನಿಮಗೆ ಮಾತ್ರ ಕಣ್ಣಲ್ಲಿ.” ಆಮೇಲೆ, ಬಹಳ ದೂರ ಬಂದ ಮೇಲೆ, “ಉಪ್ಪು ಇವತ್ತು ಸರಿಯಾಗಿತ್ತು” ಅಂದಳು.

ಏಪ್ರಿಲ್ 21

ಬಂದಳು. ಮಾ ಸ್ವೆ ಸಂಜೆಯ ಬಸ್ಸಿಗೆ ಊರಿಗೆ ಹೋದಳು, ಹತ್ತು ಸೂಚನೆ ಕೊಟ್ಟು.

ಹೇಗಿತ್ತು ಎಂದು ಕೇಳಿದೆ.

“ಮೊದಲ ಮೂರು ದಿನ ನಿದ್ದೆ ಮಾಡಿದೆ. ಕೂತ್ಕೊಂಡೇ. ಗುರುಗಳು ಮಲಗಲಿ ಬಿಡಿ ಅಂದ್ರಂತೆ. ಆಮೇಲೆ ಕಾಲು ನೋವು. ನೋವನ್ನ ನೋಡು ಅಂದ್ರು, ನೋಡಿದೆ. ನೋವಿನ ಹಿಂದೆ ನೀವಿದ್ರಿ. ಕತ್ತು ತಿರುಗಿಸಿ ಕೂತಿದ್ರಿ. ಒಂದು ದಿನವೆಲ್ಲ ಅಲ್ಲೇ ಇದ್ರಿ.”

“ಆಮೇಲೆ?”

“ಆಮೇಲೆ ಊಟದ ಗಂಟೆ ಹೊಡೀತು.”

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳು ನಗುತ್ತಿರಲಿಲ್ಲ.

ಏಪ್ರಿಲ್ 24, ಮಧ್ಯಾಹ್ನ

ಡ್ರೆಸ್ಸಿಂಗ್ ಇನ್ನು ಬೇಡ ಅಂದಿದ್ದಾರೆ. ದಿನಾ ಎಣ್ಣೆ ಹಚ್ಚಿ ಬೆರಳು ನೀವಬೇಕು, ಸೆಳೆತ ಬಿಡಲು. ಅವಳು ಬಾಗಿಲ ಬಳಿ ಬೆಳಕಿಗೆ ಕಾಲು ಚಾಚಿ ಕೂತಿದ್ದಳು. ನೀವುತ್ತಾ ಕೇಳಿಯೇಬಿಟ್ಟೆ. ತಲೆ ಎತ್ತದೆ.

“ಓನ್, ನನ್ನನ್ನ ಕ್ಷಮಿಸಿದೀಯಾ?”

ಹೂಂ ಅಂತಾಳೆ ಎಂದು ಗೊತ್ತಿತ್ತು. ಮೂವತ್ತಾರು ವರ್ಷ ಎಲ್ಲದಕ್ಕೂ ಹೂಂ ಅಂದವಳು, ಮನೆ ನಡೆಯಲಿ ಅಂತ.

ತಲೆ ಎತ್ತಿದೆ. ಅವಳು ಎದೆಯೊಳಗೆ ಏನೋ ಹುಡುಕುವವಳ ಹಾಗೆ ಕೂತಿದ್ದಳು. ಚೀಲದಲ್ಲಿ ಕೈ ಹಾಕಿ ಇದೆಯೋ ಇಲ್ಲವೋ ನೋಡುವ ಹಾಗೆ, ಆತುರವಿಲ್ಲದೆ.

“ಇವತ್ತು ಇಲ್ಲ,” ಅಂದಳು.

ಸಿಟ್ಟಿಲ್ಲ, ಚುಚ್ಚುವಿಕೆ ಇಲ್ಲ. ಬೆಂಡೆಕಾಯಿ ಇದೆಯಾ ಅಂದರೆ ಮಾರುವವಳು ಇವತ್ತು ಇಲ್ಲ ಅನ್ನುತ್ತಾಳಲ್ಲ, ಹಾಗೆ. ಇಷ್ಟು ವರ್ಷದಲ್ಲಿ ಅವಳು ನನಗೆ ಹೇಳಿದ ಮೊದಲ ‘ಇಲ್ಲ’ ಇದು. ಏಟು ಬಿದ್ದಂತಾಯಿತು. ಉಸಿರೂ ಆಡಿದಂತಾಯಿತು.

“ನಾಳೆ ಕೇಳಲಾ?”

“ಕೇಳಿ.”

ಎಣ್ಣೆ ಬಟ್ಟಲು ಹತ್ತಿರ ಎಳೆದುಕೊಂಡೆ. ನಡುಬೆರಳು ಇವತ್ತು ಸ್ವಲ್ಪ ಬಗ್ಗಿತು. ಅವಳಿಗೆ ಹೇಳಿದೆ. ಎಲ್ಲಿ, ಎಂದು ಬಾಗಿ ನೋಡಿದಳು. ಇನ್ನೊಂದು ಸಲ ಬಗ್ಗಿಸಿ ತೋರಿಸಲು — ಓನ್ ಚಿ ಕರೆಯುತ್ತಿದ್ದಾಳೆ, ಎದ್ದೆ.